ಸೀಸದ ತಗಡಿನ ಹೆಸರು

"ಆ ಮೊಳೆ ಮಾತ್ರ ಕೀಳ್ಬೇಡಿ ಮೇಡಂ. ಮಿಕ್ಕಿದ್ದೆಲ್ಲ ನಿಮ್ಮಿಷ್ಟ."

ನಗರ ಚರಿತ್ರೆಯ ವಸ್ತುಸಂಗ್ರಹಾಲಯದ ಮುದುಕ ಕಾವಲುಗಾರ ನೆಲಮಾಳಿಗೆಯ ಕೊನೇ ಮೆಟ್ಟಿಲ ಮೇಲೆಯೇ ನಿಂತು ಹೇಳಿದ. ಒಳಗೆ ಕಾಲಿಡಲಿಲ್ಲ. ಒಳಗೆ, ದೀಪದ ಕೆಳಗಿನ ಮೇಜಿನ ಮೇಲೆ, ಅಂಗೈಯಗಲದ ಸೀಸದ ತಗಡೊಂದು ನಾಲ್ಕು ಮಡಿಕೆಯಾಗಿ ಬಿದ್ದಿತ್ತು. ನಟ್ಟನಡುವೆ ತುಕ್ಕು ಹಿಡಿದ ಕಬ್ಬಿಣದ ಮೊಳೆ ನಾಲ್ಕೂ ಮಡಿಕೆಗಳನ್ನು ತೂರಿಕೊಂಡು ಹೋಗಿತ್ತು. ಹಳೇ ಪೇಟೆಯ ಬಾವಿಯ ಹೂಳೆತ್ತುವಾಗ ಸಿಕ್ಕ ಮಾಟದ ತಗಡು ಅದು.

ಹಳೆಯ ವಸ್ತುಗಳನ್ನು ಶುಚಿ ಮಾಡಿ ಉಳಿಸುವ ಕೆಲಸಕ್ಕೆ ಆಕೆ ಸೇರಿ ಹದಿನೈದು ದಿನವೂ ಆಗಿರಲಿಲ್ಲ. ಮುಂದಿನ ವಾರದ ಪ್ರದರ್ಶನಕ್ಕೆ ತಗಡನ್ನು ಬಿಡಿಸಿ, ಒಳಗಿನ ಬರಹ ಓದಿ, ವಿವರದ ಚೀಟಿ ಬರೆಯಬೇಕಿತ್ತು.

"ಕಿತ್ರೆ ಏನಾಗತ್ತೆ ತಾತ? ರಕ್ತ ಕಾರ್ತೀನಾ?"

"ನಗಬೇಡಿ. ನಿಮಗಿಂತ ಮುಂಚೆ ಇದೇ ಮೇಜಲ್ಲಿ ಒಬ್ಬ ಹೆಂಗಸು ಒಂಬತ್ತು ವರ್ಷ ಕೆಲಸ ಮಾಡಿದಾರೆ. ಹಾಜರಿ ಪುಸ್ತಕದಲ್ಲಿ ದಿನಾ ಅವರ ಸಹಿ, ಅದರ ಕೆಳಗೇ ನನ್ನ ಸಹಿ. ಆದ್ರೆ ಅವರ ಮುಖ ನಮ್ಮಲ್ಲಿ ಒಬ್ಬರಿಗೂ ನೆನಪಿಲ್ಲ."

"ರಿಟೈರ್ಮೆಂಟ್ ಹತ್ರ ಬಂತಲ್ಲ, ಅರಳುಮರುಳು ಅಷ್ಟೆ."

ಮುದುಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಅದು ಖಾಲಿ ಇರೋ ಜಾತಿಯಲ್ಲ. ಒಂದು ಹೆಸರು ಬಿಟ್ರೆ ಇನ್ನೊಂದು ಕೇಳತ್ತೆ. ಕೊಡೋ ತನಕ ಮೊಳೆ ವಾಪಸ್ ಇಳಿಯಲ್ಲ." ಇಷ್ಟು ಹೇಳಿ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದ.

ಮಧ್ಯಾಹ್ನ ಎರಡೂವರೆ. ಮೂರಕ್ಕೆ ಗಂಡ ಮಗಳನ್ನು ಕರೆತರುವವನಿದ್ದ. ಹಳೇ ಅಚ್ಚಿನ ಯಂತ್ರ ತೋರಿಸುತ್ತೇನೆಂದು ಆಕೆ ಮಗಳಿಗೆ ಮಾತು ಕೊಟ್ಟಿದ್ದಳು. ಅಷ್ಟರೊಳಗೆ ಈ ಕೆಲಸ ಮುಗಿದರೆ ಆಯಿತು ಎಂದುಕೊಂಡು ಕೈಗವಸು ತೊಟ್ಟಳು. ಮೊಳೆಯ ಸುತ್ತ ಎಣ್ಣೆಯ ಹನಿ ಬಿಟ್ಟಳು. ಚಿಮುಟದಿಂದ ಹಿಡಿದು ಮೆಲ್ಲಗೆ ತಿರುಗಿಸಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೊಳೆ ಹೊರಬಂತು.

ಕೂದಲು ಸುಟ್ಟ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಆಕೆ ಸುತ್ತ ನೋಡಿದಳು. ಏನೂ ಸುಡುತ್ತಿರಲಿಲ್ಲ.

ತಗಡು ಮೆತ್ತಗಿತ್ತು. ಒಂದೊಂದೇ ಮಡಿಕೆ ಬಿಡಿಸಿ, ದೀಪ ಬಗ್ಗಿಸಿ, ಮುಳ್ಳಿನಿಂದ ಗೀರಿದಂತಿದ್ದ ಅಕ್ಷರಗಳನ್ನು ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಓದಿದಳು.

"ಇವಳು ಮನೆಮನೆ ಅಲೆಯಲಿ. ಇವಳ ಕರುಳಿನವರು ಇವಳ ಗುರುತು ಮರೆಯಲಿ. ತನ್ನ ಬಾಗಿಲಲ್ಲೇ ಇವಳು ಪರದೇಶಿಯಾಗಲಿ."

ಅದರ ಕೆಳಗೆ ಯಾವುದೋ ಹೆಂಗಸಿನ ಹೆಸರು. ಆಕೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಂತೆ ಆ ಹೆಸರು ನೀರಲ್ಲಿ ಕದಡಿದಂತೆ ಅಳಿಸಿಹೋಯಿತು. ಆಮೇಲೆ ಕೇಳಿಸಿತು. ಕಿರ್ರ್. ಕಿರ್ರ್. ಉಗುರಿನಿಂದ ಲೋಹ ಗೀರುವ ಸದ್ದು. ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ತಾನಾಗಿ ಮೂಡತೊಡಗಿತು. ಮಿ. ಡಿ.

ಮಿಡಿ. ಅಮ್ಮ ಮಾತ್ರ ಕರೆಯುತ್ತಿದ್ದ ಮುದ್ದಿನ ಹೆಸರು. ಗಂಡನಿಗೂ ಗೊತ್ತಿರದ ಹೆಸರು.

ದೀಪ ಆರಿತು.

ಕುರ್ಚಿ ಉರುಳಿತು. ಗೋಡೆ ತಡವುತ್ತ, ಮೆಟ್ಟಿಲು ಎಡವುತ್ತ ಆಕೆ ಮೇಲಕ್ಕೆ ಓಡಿದಳು. ಮೇಲೆ ಎಂದಿನ ಬಿಸಿಲು. ಹಳೇ ಬೀದಿಗಳ ಚಿತ್ರಗಳ ಮುಂದೆ ನಿಂತಿದ್ದ ಕಾವಲುಗಾರ ಹುಬ್ಬು ಗಂಟಿಕ್ಕಿದ.

"ಯಾರಮ್ಮ ನೀವು? ಕೆಳಗೆ ಹೊರಗಿನವರು ಹೋಗಂಗಿಲ್ಲ."

"ತಾತ, ತಮಾಷೆ ಬೇಡ—"

"ಯಾರು ಬೇಕಿತ್ತು?"

ಅವನ ಕಣ್ಣಲ್ಲಿ ತಮಾಷೆ ಇರಲಿಲ್ಲ. ಅವನ ಬೆನ್ನ ಹಿಂದೆ, ಬಾಗಿಲಲ್ಲಿ, ಗಂಡ ಮಗಳ ಕೈ ಹಿಡಿದು ಒಳಬರುತ್ತಿದ್ದ. ಆಕೆಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಮಗಳನ್ನು ಬಾಚಿ ತಬ್ಬಿಕೊಂಡಳು.

ಮಗು ಕಿಟಾರನೆ ಚೀರಿತು. "ಅಪ್ಪಾ! ಯಾರಪ್ಪಾ ಇವರು? ಬಿಡಿಸಪ್ಪಾ!"

ಗಂಡ ಮಗಳನ್ನು ಕಿತ್ತುಕೊಂಡ. "ಏನ್ರೀ ಇದು? ಯಾರ್ರೀ ನೀವು?"

"ನಾನು ಕಣೋ! ನೋಡೋ ನನ್ನ!"

ಅವನು ನೋಡಿದ. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತೆಯನ್ನು ನೋಡುವಂತೆ ನೋಡಿದ. ಮಗಳನ್ನು ಬೆನ್ನ ಹಿಂದೆ ಸರಿಸಿ ಫೋನ್ ತೆಗೆದು ಹೆಂಡತಿಯ ನಂಬರು ಒತ್ತಿದ. ಆಕೆಯ ಜೇಬಿನಲ್ಲಿ ಫೋನ್ ರಿಂಗಾಯಿತು.

ಅವನ ಮುಖ ಬಿಳುಚಿತು. "ಅದು ನನ್ನ ಹೆಂಡ್ತಿ ಫೋನು. ಅವಳೆಲ್ಲಿ? ಅವಳಿಗೆ ಏನು ಮಾಡಿದೆ?"

"ಹಿಡೀರಿ ಅವಳನ್ನ!" ಕಾವಲುಗಾರ ಕೂಗಿದ.

ಆಕೆ ತಿರುಗಿ ಓಡಿದಳು. ಮತ್ತೆ ಮೆಟ್ಟಿಲು. ಮತ್ತೆ ಕತ್ತಲೆ. ಬಾಗಿಲಿಗೆ ಚಿಲಕ. ಹೊರಗಿನಿಂದ ದಬದಬ ಗುದ್ದು. "ತೆಗಿಯೇ! ನನ್ನ ಹೆಂಡ್ತಿ ಎಲ್ಲಿ?" ಫೋನಿನ ಬೆಳಕಲ್ಲಿ ಮೊಳೆ ಹುಡುಕಿದಳು. ತಗಡು ಮಡಿಸಿದಳು. ಸುತ್ತಿಗೆ ಎತ್ತಿ ಹೊಡೆದಳು. ಮೊಳೆ ಜಾರಿತು. ಹೊಡೆದಳು. ಜಾರಿತು. ಮೆತ್ತಗಿನ ಸೀಸ ಬಂಡೆಯಾಗಿತ್ತು. ಬೆರಳು ಜಜ್ಜಿ ರಕ್ತ ಬಂತು.

ಹೆಸರು. ಅದಕ್ಕೆ ಹೆಸರು ಬೇಕು.

ಯಾರದು? ಗಂಡನದೇ? ಮಗಳದೇ? ಛೆ! ಮುದುಕನದೇ? ಬೇಡವೆಂದು ಎಚ್ಚರಿಸಿದ್ದ ಬಡಪಾಯಿ. ಬಾಗಿಲ ಕೀಲು ಕಿರುಗುಟ್ಟಿತು. ಆಗ ಆಕೆಗೆ ಅಮ್ಮ ನೆನಪಾದಳು. ಎರಡು ವರ್ಷದ ಹಿಂದೆ, ಆಸ್ಪತ್ರೆಯ ಹಾಸಿಗೆಯಲ್ಲಿ, ಅಲ್ಲಿಯ ನೀಲಿ ನಿಲುವಂಗಿಯಲ್ಲಿ, ಇವಳ ಕೈ ಹಿಡಿದುಕೊಂಡೇ ಹೋದ ಅಮ್ಮ. ಸತ್ತವರಿಗೆ ಯಾವ ಮಾಟ ತಾಕೀತು? ಸತ್ತವರನ್ನು ಯಾರು ಅಲೆಸಿಯಾರು?

"ಕ್ಷಮಿಸಮ್ಮ," ಎಂದು ಪಿಸುಗುಟ್ಟಿ, ಮಡಿಕೆ ಬಿಡಿಸಿ, ಮೊಳೆಯ ತುದಿಯಿಂದ ಅಮ್ಮನ ಹೆಸರು ಗೀರಿದಳು. ಮಿಡಿ ಅಳಿಸಿತು. ತಗಡನ್ನು ಮಡಿಸಿ ಮೊಳೆ ಊರಿದಳು. ಸುತ್ತಿಗೆಯೇ ಬೇಕಾಗಲಿಲ್ಲ. ಯಾರೋ ಒಳಗಿನಿಂದ ಹೀರಿಕೊಂಡಂತೆ ಮೊಳೆ ಸರ್ರನೆ ಇಳಿದುಹೋಯಿತು.

ಗುದ್ದು ನಿಂತಿತು. ದೀಪ ಹತ್ತಿತು.

"ಲೇ, ಒಳಗಿದೀಯೇನೇ?" ಗಂಡನ ದನಿ. "ಬಾಗಿಲು ಯಾಕೆ ಹಾಕ್ಕೊಂಡಿದೀಯ?"

ಬಾಗಿಲು ತೆಗೆದಳು. "ಅಮ್ಮಾ, ಅಚ್ಚಿನ ಯಂತ್ರ ಎಲ್ಲಿ?" ಎನ್ನುತ್ತ ಮಗಳು ಸೊಂಟಕ್ಕೆ ಜೋತುಬಿದ್ದಳು. ಆಕೆ ನೆಲಕ್ಕೆ ಕುಸಿದು ಮಗಳ ತಲೆ ಮೂಸುತ್ತ ಗೊಳೋ ಎಂದು ಅತ್ತಳು. ಮೆಟ್ಟಿಲ ಮೇಲಿದ್ದ ಮುದುಕ ಮೇಜಿನತ್ತ ನೋಡಿ ತಣ್ಣಗೆ ಕೇಳಿದ. "ಯಾರದು ಕೊಟ್ರಿ ಮೇಡಂ?"

ಆಕೆ ಬಾಯಿ ತೆರೆದಳು. ಒಂದು ಹೆಸರು ಬರೆದದ್ದು ನೆನಪಿತ್ತು. ಯಾರದೆಂಬುದು ಎಷ್ಟು ತಡಕಿದರೂ ಸಿಗಲಿಲ್ಲ.

ಸಂಜೆ ಮನೆಯಲ್ಲಿ, ಪುಸ್ತಕದ ಕಪಾಟಿನ ಮೇಲೆ ಯಾರೋ ಮುದುಕಿಯ ಫೋಟೋ ಕಂಡಿತು. "ಇದ್ಯಾರ್ರೀ?" ಎಂದಳು. ಗಂಡ ಹತ್ತಿರ ಬಂದು ನೋಡಿ ತಲೆಯಾಡಿಸಿದ. "ನಮಗಿಂತ ಮುಂಚೆ ಬಾಡಿಗೆಗೆ ಇದ್ದವರದಿರಬೇಕು." ಫೋಟೋ ಅಟ್ಟಕ್ಕೆ ಹೋಯಿತು.

ಊಟಕ್ಕೆ ಕೂರುವ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಬಾಗಿಲ ಸಣ್ಣ ಗಾಜಿನಲ್ಲಿ ಆಕೆ ಇಣುಕಿದಳು. ಹೊರಗೆ ಒಣಕಲು ಮುದುಕಿಯೊಬ್ಬಳು ನಿಂತಿದ್ದಳು. ಬರಿಗಾಲು. ಮೈಮೇಲೆ ಆಸ್ಪತ್ರೆಯ ನೀಲಿ ನಿಲುವಂಗಿ. ಉಗುರುಗಳಲ್ಲಿ ಹಸಿ ಮಣ್ಣು.

"ಮಿಡೀ," ಮುದುಕಿ ಮೆಲ್ಲಗೆ ಕರೆದಳು. "ಎಷ್ಟೊಂದು ಬಾಗಿಲು ತಟ್ಟಿ ಬಂದೆ ಮಗಳೇ. ಯಾರೂ ತೆಗೀಲಿಲ್ಲ. ಕಾಲೆಲ್ಲ ಸೋತಿದೆ. ನೀನಾದ್ರೂ ತೆಗಿ."

ಆಕೆ ಗಾಜಿನಿಂದ ಹಿಂದೆ ಸರಿದಳು. ಚಿಲಕ ಗಟ್ಟಿಯಾಗಿದೆಯೇ ಎಂದು ಎರಡು ಸಲ ನೋಡಿದಳು.

"ಆ ಹೆಸರಿನವರು ಇಲ್ಲಿ ಯಾರೂ ಇಲ್ಲಮ್ಮ," ಎಂದಳು. "ಮುಂದಿನ ಮನೆಯಲ್ಲಿ ಕೇಳಿ."

ಮರುದಿನವೂ ಅದೇ ಹೊತ್ತಿಗೆ ಬಾಗಿಲು ತಟ್ಟುವ ಸದ್ದಾಯಿತು. ಅದರ ಮರುದಿನವೂ. ಈಗ ಆ ಹೊತ್ತಾಗುತ್ತಲೇ ಅವರು ಮೂವರೂ ಟೀವಿಯ ದನಿ ಜೋರು ಮಾಡಿಕೊಂಡು, ಒಬ್ಬರಿಗೊಬ್ಬರು ಅಂಟಿಕೊಂಡು ಕೂರುತ್ತಾರೆ.