ಎರಡು ಸಲ ಬಂದ ಒಂದೂವರೆ

ಭಾನುವಾರ ಬೆಳಿಗ್ಗೆ 11 ಗಂಟೆ 15 ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ದೂರುದಾರ ಐವತ್ತೆರಡು ವರ್ಷದ ಬಸ್ ಡ್ರೈವರ್. ಹೆಂಡತಿ ತೀರಿಕೊಂಡ ಸುದ್ದಿ ಬಂದಾಗ ಬೆಳಗಿನ ಪಾಳಿಗೆ ಹೊರಟಿದ್ದವನು ಸಮವಸ್ತ್ರವನ್ನೂ ಬದಲಾಯಿಸಿರಲಿಲ್ಲ. ದೂರು ಹೇಳುವಾಗ ಕಲ್ಲಿನಂತೆ ಕೂತಿದ್ದ. ಬರೆದುಕೊಳ್ಳುತ್ತಿದ್ದ ದಫೇದಾರರು "ಹೆಂಡತಿ ವಯಸ್ಸು?" ಎಂದು ಕೇಳಿದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತುಬಿಟ್ಟ.

"ಸೊಂಟದ ಮೂಳೆ ಆಪರೇಷನ್, ಅಷ್ಟೇ ಮೇಡಂ," ಎಂದ ಇನ್ಸ್‌ಪೆಕ್ಟರ್ ಕಡೆ ತಿರುಗಿ. "ನಾಳೆ ಮನೆಗೆ ಕಳಿಸ್ತೀವಿ ಅಂದಿದ್ರು. ನೋವಿನ ಇಂಜೆಕ್ಷನ್ ಎರಡೆರಡು ಸಲ ಚುಚ್ಚಿ ಸಾಯಿಸಿಬಿಟ್ಳು ಆ ನರ್ಸು."

11.50ಕ್ಕೆ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಹದಿನೇಳು ವರ್ಷ ಸರ್ವಿಸಿನ ಹೆಂಗಸು. ಕೊಲೆ, ಸುಲಿಗೆ ಎಲ್ಲ ನೋಡಿ ಮನಸ್ಸು ಗಟ್ಟಿ ಮಾಡಿಕೊಂಡವರು. ಆದರೂ ನಂಬಿ ಮಲಗಿದವರು ಹಾಸಿಗೆಯಲ್ಲೇ ಸತ್ತ ಕೇಸು ಬಂದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಮಧ್ಯಾಹ್ನ 1.20ಕ್ಕೆ ಆಸ್ಪತ್ರೆಯ ಮೂರನೇ ಮಹಡಿಯ ವಾರ್ಡಿನಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಇಪ್ಪತ್ತನಾಲ್ಕು ಮಂಚ, ಒಂದು ಮೇಜು, ಮೇಜಿನ ಮೇಲೊಂದು ಕಂಪ್ಯೂಟರ್ ಪರದೆ. ಯಾರಿಗೆ, ಯಾವ ಹೊತ್ತಿಗೆ, ಯಾವ ಮದ್ದು ಎಂದು ಆ ಪರದೆ ಹೇಳುತ್ತದೆ. ನರ್ಸ್ ಕೊಟ್ಟು ಗುಂಡಿ ಒತ್ತುತ್ತಾಳೆ. ಕಸದ ಡಬ್ಬಿಯಿಂದ ಅದೇ ಮದ್ದಿನ ಎರಡು ಖಾಲಿ ಸೀಸೆ ಜಪ್ತಿಯಾದವು. ಮದ್ದಿನ ಬೀರುವಿನ ಪುಸ್ತಕದಲ್ಲಿ ನರ್ಸಿನ ಕೈಬರಹದಲ್ಲೇ ಎರಡು ಸಾಲು ಇತ್ತು: ಮೊದಲ ಸೀಸೆ ತೆಗೆದದ್ದು ರಾತ್ರಿ 1.32ಕ್ಕೆ, ಎರಡನೆಯದು 1.35ಕ್ಕೆ.

"ಮೂರೇ ನಿಮಿಷದಲ್ಲಿ ಎರಡು ಸೀಸೆ," ಎಂದರು ಆಸ್ಪತ್ರೆಯ ಆಡಳಿತಾಧಿಕಾರಿ. "ಪರದೆ ಕೇಳಿದ್ದು ಒಂದೇ ಸಲ. ಇಲ್ಲಿ ನೋಡಿ, ದಾಖಲೆ ಇದೆ. ಇದು ಹುಚ್ಚು, ಇಲ್ಲಾಂದ್ರೆ ಕೊಲೆ."

ಸಂಜೆ ನಾಲ್ಕಕ್ಕೆ ನರ್ಸನ್ನು ವಿಚಾರಣೆಗೆ ಕರೆಸಿದರು. ಇಪ್ಪತ್ತೆಂಟರ ಹೆಣ್ಣು. ರಾತ್ರಿಯಿಂದ ನಿದ್ದೆಯಿಲ್ಲದೆ ಕಣ್ಣು ಊದಿಕೊಂಡಿತ್ತು.

"ಎಷ್ಟು ಸಲ ಕೊಟ್ರಿ?"

"ಎರಡು ಸಲ."

"ಯಾಕೆ?"

"ಪರದೆ ಎರಡು ಸಲ ಕೇಳ್ತು ಮೇಡಂ."

"ದಾಖಲೆ ಒಂದೇ ಅನ್ನುತ್ತೆ. ಮೊದಲು ಕೊಟ್ಟಿದ್ದು ನೆನಪಿರಲಿಲ್ವಾ?"

"ಕೊಟ್ಟ ಹಾಗೆ ನೆನಪಿತ್ತು. ಆದರೆ ಪರದೇಲಿ ಕೆಂಪಗೆ 'ಕೊಡಬೇಕು' ಅಂತಿತ್ತು. ಹದಿನಾಲ್ಕು ಗಂಟೆಯಿಂದ ನಿಂತಿದ್ದೆ, ವಾರ್ಡಿಗೆಲ್ಲ ಒಬ್ಬಳೇ. ಪಕ್ಕದ ಮಂಚದವರಿಗೆ ಕೊಟ್ಟಿದ್ದನ್ನ ಇವರಿಗೆ ಅಂದ್ಕೊಂಡ್ನೇನೋ ಅಂತ ನನ್ನ ಮೇಲೇ ಅನುಮಾನ ಬಂತು. ಹೋದ ತಿಂಗಳು ಪರದೆ ಹೇಳಿದ್ದು ಬಿಟ್ಟೆ ಅಂತ ಮೆಮೊ ಬೇರೆ ಕೊಟ್ಟಿದ್ರು."

"ಎರಡರ ನಡುವೆ ಮೂರೇ ನಿಮಿಷ."

"ತುಂಬ ಹೊತ್ತಾಗಿತ್ತು ಮೇಡಂ. ನಡುವೆ ಆರೇಳು ಜನರನ್ನ ನೋಡಿಬಂದಿದ್ದೆ..." ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ನಂಗೀಗ ಏನೂ ಗೊತ್ತಾಗ್ತಿಲ್ಲ. ಎಲ್ಲರೂ ಹೇಳ್ತಿದಾರೆ ಅಂದ್ರೆ ನಾನೇ ಸಾಯಿಸಿರಬೇಕು."

ತಪ್ಪೊಪ್ಪಿಕೊಳ್ಳುವವರನ್ನು ಇನ್ಸ್‌ಪೆಕ್ಟರ್ ಬೇಕಾದಷ್ಟು ಕಂಡಿದ್ದರು. ತನ್ನ ನೆನಪನ್ನೇ ನಂಬಲಾರದೆ ಸೋತವಳನ್ನು ಕಂಡದ್ದು ಅದೇ ಮೊದಲು. ಬಂಧಿಸುವಷ್ಟು ಸಾಕ್ಷ್ಯ ಮೇಜಿನ ಮೇಲಿತ್ತು. ಆದರೂ "ನಾಳೆ ಸಂಜೆವರೆಗೆ ನೋಡೋಣ" ಎಂದು ಅವಳನ್ನು ಅಣ್ಣನ ಜೊತೆ ಮನೆಗೆ ಕಳಿಸಿದರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣಾ ದಿನಚರಿ ಸಹಿಗೆ ಬಂತು. ಶನಿವಾರದ ರಾತ್ರಿ ಪಾಳಿ ದಫೇದಾರರದು. ಠಾಣೆಯ ಗೋಡೆಗಿಂತ ಹಳಬರು ಎಂದು ಎಲ್ಲರೂ ಅವರನ್ನು ರೇಗಿಸುತ್ತಿದ್ದರು. ಸಹಿ ಹಾಕಲು ಹೊರಟ ಇನ್ಸ್‌ಪೆಕ್ಟರ್ ಕೈ ಅಲ್ಲೇ ನಿಂತಿತು.

"ಇದೇನ್ರೀ ಇದು, 'ಮೊದಲ 1.40ಕ್ಕೆ ಗಸ್ತು ವಾಪಸ್, ಎರಡನೇ 1.40ಕ್ಕೆ ಜಗಳದ ಕರೆ'?"

"ಬೇಸಿಗೇಲಿ ಒಂದು ತಾಸು ಮುಂದಿಟ್ಟ ಗಡಿಯಾರಾನ ಚಳಿಗಾಲಕ್ಕೆ ಸರ್ಕಾರದೋರು ಹಿಂದಕ್ಕೆ ತಿರುಗಿಸೋ ರಾತ್ರಿ ಅಲ್ವಾ ಮೇಡಂ. ಎರಡಾಗುತ್ತಲೇ ಮತ್ತೆ ಒಂದಾಗುತ್ತೆ. ಹಿಂದೊಮ್ಮೆ ಬರೀ 1.40 ಅಂತ ಬರೆದು, ಕಳ್ಳನ ವಕೀಲ ಕೋರ್ಟಲ್ಲಿ ನನ್ನ ಮಾನ ಹರಾಜು ಹಾಕಿದ. ಅವತ್ತಿಂದ ಮೊದಲು, ಎರಡನೇ ಅಂತ ಬರೀತೀನಿ."

ಇನ್ಸ್‌ಪೆಕ್ಟರ್ ಆ ರಾತ್ರಿ ನಿದ್ದೆಯಲ್ಲಿದ್ದರು. ಬೆಳಿಗ್ಗೆ ಏಳುವಷ್ಟರಲ್ಲಿ ಫೋನು ತಾನಾಗಿಯೇ ಸರಿಹೋಗಿತ್ತು. ಅವರಿಗೆ ಅದರ ಗೊಡವೆಯೇ ಇರಲಿಲ್ಲ. 1.32 ಮತ್ತು 1.35. ನಡುವೆ ಇದ್ದದ್ದು ಮೂರು ನಿಮಿಷವಲ್ಲ, ಅರವತ್ಮೂರು ನಿಮಿಷ. ಒಂದೂವರೆ ಎರಡು ಸಲ ಬಂದಿದೆ, ಪರದೆ ಎರಡು ಸಲವೂ ಮದ್ದು ಕೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯಲು ತಾವೂ ಕಬ್ಬಿಣ ಕಾಯಿಸುತ್ತಿದ್ದೆವಲ್ಲ ಎಂದು ಅವರಿಗೆ ನಾಚಿಕೆಯಾಯಿತು.

11.30ಕ್ಕೆ ಆಸ್ಪತ್ರೆಯ ನೆಲಮಾಳಿಗೆ. ಮದ್ದಿನ ಪ್ರೋಗ್ರಾಂ ಬರೆದವನೂ ನೋಡಿಕೊಳ್ಳುವವನೂ ಒಬ್ಬನೇ, ನಲವತ್ತೆಂಟರ ಸಣಕಲು ಮನುಷ್ಯ. ಯಂತ್ರಗಳ ಗುಂಯ್‌ಗುಡುವ ಸದ್ದಿನಲ್ಲಿ ಕೂಗಿದರೂ ಕೇಳಿಸದ ಕೋಣೆ ಅದು.

"ಮೊನ್ನೆ ರಾತ್ರಿ..." ಎಂದು ಇನ್ಸ್‌ಪೆಕ್ಟರ್ ಬಾಯಿ ತೆರೆದರು.

"ಗಡಿಯಾರದ ತೊಂದರೆ ಇಲ್ಲ ಮೇಡಂ. ಆರು ವರ್ಷದ ಹಿಂದೇನೇ ಸರಿಮಾಡಿದೀನಿ."

"ಗಡಿಯಾರ ಅಂತ ನಾನಿನ್ನೂ ಅಂದೇ ಇಲ್ವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. 12.10ಕ್ಕೆ ಕಂಪ್ಯೂಟರ್ ಜಪ್ತಿಯಾಗಿ ಇಲಾಖೆಯ ತಜ್ಞೆಯ ಕೈಗೆ ಹೋಯಿತು. ನರ್ಸಿನ ಬಂಧನದ ಕಾಗದವನ್ನು ಇನ್ಸ್‌ಪೆಕ್ಟರ್ ಡ್ರಾಯರಿಗೆ ಹಾಕಿದರು.

ತಜ್ಞೆಯ ವರದಿ ಮಂಗಳವಾರ ಸಂಜೆ ಐದಕ್ಕೆ ಬಂತು. ಪ್ರೋಗ್ರಾಂ ಗೋಡೆ ಗಡಿಯಾರದ ಹೊತ್ತನ್ನಷ್ಟೇ ಬರೆದಿಡುತ್ತದೆ. ಲೋಕಕ್ಕೆಲ್ಲ ಒಂದೇ ಆದ, ಹಿಂದೆ ಮುಂದೆ ತಿರುಗದ ಸಮಯವನ್ನಲ್ಲ. ಹಾಗಾಗಿ ಅದಕ್ಕೆ ಎರಡು ಒಂದೂವರೆಗಳ ವ್ಯತ್ಯಾಸ ತಿಳಿಯದು. ಕಳೆದ ಎಂಟು ವರ್ಷವೂ, ಗಡಿಯಾರ ತಿರುಗಿಸುವ ರಾತ್ರಿ ಸರಿಯಾಗಿ ಎರಡು ಗಂಟೆಗೆ, ಅದನ್ನು ಯಾರೋ ಕೈಯಾರೆ ಒಂದು ತಾಸು ನಿಲ್ಲಿಸಿ ಮತ್ತೆ ಓಡಿಸಿದ್ದಾರೆ. ಎಂಟು ಸಲವೂ ಪ್ರೋಗ್ರಾಂ ಬರೆದವನದೇ ಗುಪ್ತಪದ. ಈ ವರ್ಷ ನಿಲ್ಲಿಸಿಲ್ಲ. ಭಾನುವಾರ ಬೆಳಿಗ್ಗೆ 7.05ಕ್ಕೆ, ಅದೇ ಗುಪ್ತಪದದಿಂದ, ಮದ್ದು ಕೇಳಿದ ಎರಡು ಆದೇಶಗಳಲ್ಲಿ ಒಂದು ಅಳಿಸಿಹೋಗಿದೆ.

"ಸರಿಪಡಿಸೋಕೆ ಎಷ್ಟು ದಿನ ಬೇಕಿತ್ತಮ್ಮ?" ಎಂದು ಕೇಳಿದರು ದಫೇದಾರರು.

"ಆರು ವರ್ಷದ ಹಿಂದೆ ಅವನೇ ಪೂರ್ತಿ ಬರೆದಿಟ್ಟಿದಾನೆ. ಹಾಕಿಲ್ಲ, ಅಷ್ಟೇ. ಹಾಕೋ ಮುಂಚೆ, ಎರಡು ಸಲ ಬಂದ ಆ ತಾಸಿನ ಹಳೆ ದಾಖಲೆಗಳೆಲ್ಲ, ನಿಂತಿದ್ದಾಗ ಪುಸ್ತಕದಲ್ಲಿ ಬರೆದು ಆಮೇಲೆ ಸೇರಿಸಿದ್ದೂ ಸೇರಿ, ಮೊದಲನೆಯದೋ ಎರಡನೆಯದೋ ಅಂತ ಗುರುತು ಹಾಕಬೇಕಿತ್ತು. ಒಂದು ಪಟ್ಟಿ ಮಾಡಿದಾನೆ. ನಲವತ್ತೊಂದನೇ ಸಾಲಿಗೆ ಬಂದು ನಿಲ್ಲಿಸಿಬಿಟ್ಟಿದಾನೆ."

ನಲವತ್ತೊಂದನೇ ಸಾಲು ಒಂದು ಸಾವಿನ ದಾಖಲೆ. ಒಂಬತ್ತು ವರ್ಷದ ಹುಡುಗಿ, ಹೊತ್ತು 1.20. ತಂದೆಯ ಉದ್ಯೋಗ: ಇದೇ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ.

ಬುಧವಾರ ಬೆಳಿಗ್ಗೆ 8.10ಕ್ಕೆ ಅವನ ಮನೆ. ಬಾಗಿಲು ತೆಗೆದದ್ದು ಹೆಂಡತಿ. ಅವನು ಚಪ್ಪಲಿ ಮೆಟ್ಟಿಕೊಂಡು ಸಿದ್ಧನಾಗಿಯೇ ಕೂತಿದ್ದ.

"ಕೆಲಸ ಹೋಗುತ್ತೆ ಅಂತ ಹೆದರಿ ಅಳಿಸಿದೆ ಅಂತ ಬರ್ಕೊಳ್ಳಿ," ಎಂದ.

"ನಲವತ್ತೊಂದನೇ ಸಾಲು ಓದಿದೀನಿ," ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ.

ಅವನು ಹೆಂಡತಿಯ ಕಡೆ ನೋಡಿ, ಕೈ ಮುಗಿದ. "ಅವಳ ಮುಂದೆ ಬೇಡ ಮೇಡಂ. ಜೀಪಲ್ಲಿ ಎಲ್ಲಾ ಹೇಳ್ತೀನಿ."

ಹೆಂಡತಿ ಅಲ್ಲಿಂದ ಕದಲಲಿಲ್ಲ. "ಯಾವ ಸಾಲು?"

ಗಂಡನ ಕಣ್ಣು ಗೋಡೆಯ ಮೇಲಿದ್ದ ಮಗಳ ಫೋಟೋ ಕಡೆ ಹೋಯಿತು. ಅದನ್ನು ಕಂಡು ಅವಳು ನಿಧಾನವಾಗಿ ಕುರ್ಚಿ ಹಿಡಿದು ಕೂತಳು. "ನಿಮಗೆ ಗೊತ್ತಿತ್ತಾ?" ಎಂದಳು ಗಂಡನಿಗೆ.

"ಆರು ವರ್ಷದಿಂದ."

ಹೇಳಿಕೆಯಲ್ಲಿ ದಾಖಲಾದದ್ದು ಇಷ್ಟು. ಮಗಳು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಆ ರಾತ್ರಿ, ಮೊದಲ 1.10ಕ್ಕೆ, ಪ್ರೋಗ್ರಾಂ ನಿಲ್ಲಿಸುವ ಕೆಲಸವಿದೆಯೆಂದು ಅವನು ನೆಲಮಾಳಿಗೆಗೆ ಇಳಿದ. ಮೇಲೆ ಬಂದಾಗ ಮಗು ಇರಲಿಲ್ಲ. "ನೀವು ಇಳಿದ ಹತ್ತೇ ನಿಮಿಷಕ್ಕೆ ಹೋಗಿಬಿಟ್ಲು, ನಿದ್ದೇಲೇ" ಎಂದಿದ್ದಳು ಹೆಂಡತಿ. ಆ ಮಾತು ಹಿಡಿದುಕೊಂಡು ಅವನು ಜೀವ ಉಳಿಸಿಕೊಂಡ. ಮುಂದಿನ ತಿಂಗಳು ಪಟ್ಟಿ ಮಾಡುವಾಗ, ದಾಖಲೆ ಬರೆದ ಕ್ರಮ ತೋರಿಸುವ ಸರಣಿ ಸಂಖ್ಯೆ ನಿಜ ಹೇಳಿತು: ಅದು ಎರಡನೇ 1.20. ಅವನು ಇಳಿದ ಮೇಲೂ ಮಗು ಎಪ್ಪತ್ತು ನಿಮಿಷ ಬದುಕಿತ್ತು. ತಿದ್ದುಪಡಿ ಮುಗಿದರೆ ಪ್ರತಿ ಕುಟುಂಬಕ್ಕೂ ಹೊಸ ಸಮಯದ ಪತ್ರ ಹೋಗಬೇಕಿತ್ತು. ತನಗಾಗಿ ಹೆಂಡತಿ ಹೇಳಿದ ಸುಳ್ಳು ಬಯಲಾಗಿ ಅವಳು ತಲೆ ತಗ್ಗಿಸುವುದು ಅವನಿಗೆ ಬೇಕಿರಲಿಲ್ಲ. ತಿದ್ದುಪಡಿ ಆಯಿತೆಂದು ಆಡಳಿತಕ್ಕೆ ಸುಳ್ಳು ಹೇಳಿ, ವರ್ಷಕ್ಕೊಮ್ಮೆ ಕೈಯಾರೆ ನಿಲ್ಲಿಸುತ್ತ ಬಂದ. ಈ ವರ್ಷ ಹೆಂಡತಿ, ಈ ಒಂದು ರಾತ್ರಿಯಾದರೂ ನನ್ನ ಜೊತೆ ಇರಿ ಎಂದಳು. ಮನೆಯಿಂದಲೇ ನಿಲ್ಲಿಸುವ ಲೆಕ್ಕಾಚಾರವಿತ್ತು. ಅವಳು ಅವನ ತೋಳಿನ ಮೇಲೆ ಮಲಗಿಬಿಟ್ಟಿದ್ದಳು. ತೋಳು ಎಳೆದುಕೊಂಡರೆ ಎಚ್ಚರವಾದೀತೆಂದು ಸುಮ್ಮನಾದ.

"ಅಪ್ಪ ಎಲ್ಲಿ ಅಂತ ಕೇಳ್ತಾನೇ ಇದ್ಲು," ಎಂದಳು ಹೆಂಡತಿ, ಯಾರಿಗೋ ಎಂಬಂತೆ. "ಇದನ್ನ ಇವರಿಗೆ ಹ್ಯಾಗೆ ಹೇಳಲಿ?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ಕಾಯುತ್ತ ಆರು ವರ್ಷ ಒಂದೇ ಮನೆಯಲ್ಲಿ ಒಂಟಿಯಾಗಿ ಅತ್ತಿದ್ದರು. ಇನ್ಸ್‌ಪೆಕ್ಟರ್ ಕಣ್ಣಲ್ಲಿ ನೀರು ಬಂತು. ಅವರು ಒರೆಸಿಕೊಳ್ಳಲೂ ಹೋಗಲಿಲ್ಲ. 8.45ಕ್ಕೆ ಬಂಧನ. ಒಂಬತ್ತಕ್ಕೆ ನರ್ಸಿನ ಅಣ್ಣನಿಗೆ ಫೋನ್ ಮಾಡಿ, ನಿಮ್ಮ ತಂಗಿಯ ನೆನಪು ಸರಿಯಾಗೇ ಇದೆಯಂತೆ ಅಂತ ಮೊದಲು ಅವಳಿಗೆ ಹೇಳಿ, ಎಂದರು.

ದೂರುದಾರನಿಗೆ ವಿಷಯ ತಿಳಿಸುವುದು ನಿಯಮ. ಕಾನ್‌ಸ್ಟೆಬಲ್ ಕೈಲಿ ಕಾಗದ ಕಳಿಸಿದರೂ ನಡೆಯುತ್ತಿತ್ತು. ಇನ್ಸ್‌ಪೆಕ್ಟರ್ ತಾವೇ ಬಸ್ ಡಿಪೋಗೆ ಹೋದರು. ಡ್ರೈವರ್, ನಿಲ್ಲಿಸಿದ್ದ ಬಸ್ಸೊಂದರ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡ.

"ಆ ಮಗೂಗೆ ಎಷ್ಟು ವಯಸ್ಸು ಅಂದ್ರಿ?"

"ಒಂಬತ್ತು."

ಅವನು ಬಸ್ಸಿನ ಕಂಬಿ ಹಿಡಿದುಕೊಂಡ.

"ನನ್ನವಳು ಇದ್ದಿದ್ರೆ, ಪಾಪ, ಕ್ಷಮಿಸಿಬಿಡಿ ಅಂತಿದ್ಲು. ಅವಳ ಮನಸ್ಸೇ ಹಂಗೆ." ಕಾಗದ ಈಸಿಕೊಂಡು, ತೊಡೆಯ ಮೇಲಿಟ್ಟು ಸಹಿ ಹಾಕಿದ. "ನನ್ನ ಕೈಲಿ ಆಗಲ್ಲ ಮೇಡಂ."