ಬಾಗಿಲಾಚೆ ಅವಳದೇ ದನಿ

"ಅಲುಗಾಡಬೇಡಿ... ನನ್ನನ್ನೇ ನೋಡಿ."

ಕೃತಕ ಕಣ್ಣು ತಯಾರಿಸುವ ಆ ಪುಟ್ಟ ಕೋಣೆಯಲ್ಲೇ ಅವಳು ಅವನನ್ನು ಮೊದಲು ಕಂಡದ್ದು. ಅವನು ಲಿಫ್ಟ್ ಮೆಕ್ಯಾನಿಕ್. ತಂತಿ ಸಿಡಿದು ಎಡಗಣ್ಣು ಹೋಗಿತ್ತು. ಅವನ ಬಲಗಣ್ಣನ್ನು ನೋಡಿ ನೋಡಿ ಅವಳು ಹೊಸ ಕಣ್ಣಿಗೆ ಬಣ್ಣ ಹಚ್ಚುತ್ತಿದ್ದಳು. ಟ್ರೇಯಲ್ಲಿದ್ದ ಇಪ್ಪತ್ತು ಕಣ್ಣುಗಳು ರೆಪ್ಪೆಯಿಲ್ಲದೆ ಇಬ್ಬರನ್ನೂ ದಿಟ್ಟಿಸುತ್ತಿದ್ದವು.

"ಇಷ್ಟು ಹೊತ್ತು ನನ್ನನ್ನ ಯಾರೂ ನೋಡಿರ್ಲಿಲ್ಲ," ಎಂದ.

ಅವಳು ಕುಂಚ ಕೆಳಗಿಟ್ಟು ಮತ್ತೊಮ್ಮೆ ಅವನನ್ನೇ ನೋಡಿದಳು.

ಪ್ರೀತಿಯ ನಾಲ್ಕು ತಿಂಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಳೆದವು. ಆಮೇಲೆ ಇದ್ದಕ್ಕಿದ್ದಂತೆ ಅವನು ಸುಮ್ಮನಾದ. ಫೋನ್ ಎತ್ತಲಿಲ್ಲ. ಅವಳು ಕಳಿಸಿದ ವಾಯ್ಸ್ ಮೆಸೇಜುಗಳಿಗೆ ಉತ್ತರವಿಲ್ಲ. ಒಂಬತ್ತು ದಿನ...

'ನಾನೇ ಅತಿಯಾಗಿ ಅಂಟಿಕೊಂಡೆನಾ?'

ಅಪ್ಪ ಮನೆ ಬಿಟ್ಟು ಹೋಗುವ ಮುಂಚೆ ಹೀಗೆಯೇ ಮಾತು ನಿಲ್ಲಿಸಿದ್ದರು. ಅಂದಿನಿಂದ ಯಾರು ಸುಮ್ಮನಾದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು.

"ಇನ್ನೆಷ್ಟು ಗೋಗರೀತೀಯೇ? ಅವನಿಗೆ ನೀನು ಬೇಡ," ಎಂದಳು ಅಕ್ಕ.

"ಅದನ್ನ ಅವನ ಬಾಯಲ್ಲೇ ಕೇಳ್ತೀನಿ ಅಕ್ಕಾ."

ಹತ್ತನೆಯ ದಿನ ನಡುಮಧ್ಯಾಹ್ನ ಅವನ ಮಹಡಿ ಹತ್ತಿದಳು. ಬಾಗಿಲ ಬಳಿ ಹಾಲಿನ ಪ್ಯಾಕೆಟ್‌ಗಳು ಉಬ್ಬಿಕೊಂಡು ಬಿದ್ದಿದ್ದವು. ತಟ್ಟಲು ಎತ್ತಿದ ಕೈ ಹಾಗೇ ನಿಂತಿತು.

ಒಳಗೆ ಯಾರೋ ಹೆಂಗಸು ಮಾತಾಡುತ್ತಿದ್ದಳು!

'ಇನ್ನೊಬ್ಬಳಾ...?' ಕಿವಿಗೊಟ್ಟಳು.

"ಒಂದ್ಸಲ ಮಾತಾಡೋ... ನಾನೇನು ತಪ್ಪು ಮಾಡ್ದೆ?"

ಅದು ಅವಳದೇ ದನಿ! ಮಾತು ಮುಗಿದು ಮತ್ತೆ ಮೊದಲಿನಿಂದ... ಅದೇ ಬಿಕ್ಕು, ಅದೇ ಮಾತು...

ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿದಳು. ಹಗಲಲ್ಲೂ ಕತ್ತಲು ಕವಿದ ಕೋಣೆ. ಗೋಡೆಗೆ ಮುಖಮಾಡಿ ಕೂತಿದ್ದವನು ತಿರುಗಿಯೂ ನೋಡಲಿಲ್ಲ. ಪಕ್ಕದಲ್ಲಿ ಫೋನು ಅವಳ ವಾಯ್ಸ್ ಮೆಸೇಜನ್ನೇ ಹಿಡಿದು ಒಂದೇ ಸಮನೆ ಅಳುತ್ತಿತ್ತು.

"ಏನೋ ಇದು?" ಅದನ್ನು ಆರಿಸಿದಳು.

"ನೀನು ಅಳೋದು ಕೇಳಿದ್ರೂ ನನಗೇನೂ ಅನ್ನಿಸ್ಲಿಲ್ಲ ಕಣೇ. ಈಗಲಾದ್ರೂ ಅನ್ನಿಸುತ್ತೇನೋ ಅಂತ ಮತ್ತೆ ಮತ್ತೆ ಕೇಳ್ದೆ..." ಅವನ ಸ್ವರ ಬಾವಿಯ ತಳದಿಂದ ಬಂದಂತಿತ್ತು. "ಒಳಗೆಲ್ಲಾ ಖಾಲಿ. ಇಂಥವನು ನಿನಗ್ಯಾಕೆ ಅಂತ ಸುಮ್ಮನಾದೆ."

ಅವನಿಗೆ ಬೇಡವಾದದ್ದು ಅವಳಲ್ಲ. ತನಗೆ ತಾನೇ ಬೇಡವಾಗಿದ್ದ!

ಅವಳು ಬೈಯಲಿಲ್ಲ. ಪಕ್ಕದಲ್ಲಿ ಕೂತಳು.

"ಇದು ಕಾಯಿಲೆ ಕಣೋ. ಡಾಕ್ಟರ ಹತ್ರ ಹೋಗೋಣ. ನಾನೂ ತೋರಿಸ್ಕೋಬೇಕು... ನೀನು ಒಂದು ಗಂಟೆ ಮಾತಾಡದಿದ್ರೂ ಜೀವ ಹೋದ ಹಾಗಾಗುತ್ತೆ ನನಗೆ."

ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರೂ ಕಾಯುತ್ತಿದ್ದಾಗ ಅವನ ಸರದಿ ಬಂತು. ಅವನ ತಣ್ಣನೆಯ ಬೆರಳುಗಳು ಅವಳ ಕೈಯನ್ನು ಬಿಗಿಯಾಗಿ ಹಿಡಿದವು.

"ಭಯ ಆಗ್ತಿದೆ ಕಣೇ..."

"ಆಗ್ತಿದೆಯಾ? ನಿಜವಾಗ್ಲೂ ಏನೋ ಅನ್ನಿಸ್ತಿದೆಯಾ?" ಅವಳ ಕಣ್ಣು ತುಂಬಿ ಬಂತು.

"ಹೂಂ... ನೀನೂ ಒಳಗೆ ಬರ್ತೀಯಾ?"

"ಎಷ್ಟು ಹೊತ್ತಾದ್ರೂ ಇಲ್ಲೇ ಇರ್ತೀನಿ," ಎನ್ನುತ್ತಾ ಅವಳು ಮೊದಲ ಸಲ ತಾನಾಗಿಯೇ ಮೆಲ್ಲಗೆ ಕೈ ಬಿಡಿಸಿಕೊಂಡಳು. "ಹೋಗಿ ಬಾ."