ಸೊನ್ನೆ ಮೇಡಂ

"ನೀವೇನಾ ಅವರು?"

ಪ್ರಯೋಗಾಲಯದ ಬಾಗಿಲಲ್ಲೇ ನಿಂತು ಅವಳು ಕೇಳಿದಳು. ಒಳಗೆ ಸೂಕ್ಷ್ಮದರ್ಶಕ ಒರೆಸುತ್ತಿದ್ದ ಎತ್ತರದ ಮನುಷ್ಯ ತಲೆಯೆತ್ತಿದ. ಅವನ ಮುಖ ಅರಳಿತು.

"ಧ್ವನಿ ಕೇಳಿದ ತಕ್ಷಣ ಗೊತ್ತಾಯ್ತು! ಬನ್ನಿ ಮೇಡಂ, ಬನ್ನಿ... ಇಷ್ಟು ತಿಂಗಳು ಫೋನಲ್ಲೇ ಆಯ್ತು. ಕೊನೆಗೂ ಮುಖ ನೋಡೋ ಹಾಗಾಯ್ತು."

"ನಾನು ಕೊಟ್ಟ ಸೊನ್ನೆಗಳನ್ನ ಅಳಿಸಿ ಪಾಸ್ ಮಾಡಿದ್ದು ನೀವೇನಾ ಅಂತ ಕೇಳಿದೆ."

ಅರಳಿದ ಮುಖ ಹಾಗೇ ನಿಂತುಬಿಟ್ಟಿತು.

"ಎಲ್ಲಾ ಅಲ್ಲ ಮೇಡಂ. ಕೆಲವು..."

"ಕೆಲವೋ, ಎಲ್ಲವೋ! ಕಳ್ಳತನಕ್ಕೆ ಅಂಕ ಕೊಟ್ರಿ. ಪ್ರಾಂಶುಪಾಲರು ತಾಳ ಹಾಕಿದ್ರು, ನೀವು ಕುಣಿದ್ರಿ. ಥೂ! ಇಂಥವರ ಹತ್ರ ನನ್ನ ದುಃಖ ಎಲ್ಲಾ ಹೇಳ್ಕೊಂಡೆನಲ್ಲ... ನೆನೆಸಿಕೊಂಡ್ರೆ ಅಸಹ್ಯ ಆಗುತ್ತೆ!"

"ಒಂದು ನಿಮಿಷ ನನ್ನ ಮಾತು..."

"ಬೇಡ. ಏನೋ ಮುಖತಃ ಕೇಳೋದಿದೆ ಅಂದಿದ್ರಲ್ಲ, ಅದನ್ನೂ ಕೇಳ್ಬೇಡಿ. ಉತ್ತರ ಇಲ್ಲ ಅಂತಾನೇ."

ಅವಳು ತಿರುಗಿ ನಡೆದಳು. ಮೊಗಸಾಲೆ ದಾಟುವವರೆಗೂ ಬೆನ್ನು ನೆಟ್ಟಗಿತ್ತು. ಮೆಟ್ಟಿಲ ಬಳಿ ಮಾತ್ರ ಒಮ್ಮೆ ಹಿಂತಿರುಗಿ ನೋಡಿದಳು.

ಅವನು ಏನು ಕೇಳಲಿದ್ದನೆಂದು ಅವಳಿಗೆ ಗೊತ್ತಿತ್ತು. ಏನು ಹೇಳಬೇಕೆಂದೂ ಮನೆಯಿಂದ ಹೊರಡುವಾಗ ಗೊತ್ತಿತ್ತು. ಅದಕ್ಕೇ ಅಲ್ಲವೆ, ಎಷ್ಟೋ ದಿನದ ಮೇಲೆ ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಂತದ್ದು!

ಅವಳು ಸಸ್ಯಶಾಸ್ತ್ರದ ಅಧ್ಯಾಪಕಿ. ದುಡಿಯುತ್ತಲೇ ಓದುವ ದೂರದವರಿಗೆ ಮನೆಯಿಂದಲೇ ಆನ್‌ಲೈನ್ ಪಾಠ ಹೇಳುತ್ತಿದ್ದಳು. ಪಾಠವೆಂದರೇನು? ಪರದೆಯ ತುಂಬ ಕಪ್ಪು ಚೌಕಗಳು, ಒಂದಕ್ಕೂ ಮುಖವಿಲ್ಲ. ಪ್ರಶ್ನೆ ಕೇಳಿದರೆ ಬಾವಿಗೆ ಕಲ್ಲು ಹಾಕಿದ ಹಾಗೆ. ಬಾವಿಯಾದರೂ ಗುಳುಂ ಎನ್ನುತ್ತದೆ! ಒಂದು ದಿನ ಪಾಠ ಮುಗಿದು ಎಲ್ಲರೂ ಹೋದ ಮೇಲೂ ಒಂದು ಚೌಕ ಉಳಿದಿತ್ತು. ಯಾರೋ ಶ್ರದ್ಧಾವಂತರು ಎಂದು ಅವಳು ಹಿಗ್ಗಿ ಕಿವಿಗೊಟ್ಟರೆ, ಅದರೊಳಗಿಂದ ಗೊರಕೆ ಬರುತ್ತಿತ್ತು.

ಆದರೂ ಆಸೆಯಿಂದ ಕೊನೆಯ ಪರೀಕ್ಷೆಗೆ ಒಂದು ಕೆಲಸ ಕೊಟ್ಟಿದ್ದಳು. ಮನೆಯಲ್ಲಿ ಸಿಕ್ಕ ಯಾವುದಾದರೂ ಕಾಳನ್ನು ಮಣ್ಣಿಗೆ ಹಾಕಿ, ದಿನವೂ ನೋಡಿ, ಕಂಡದ್ದನ್ನು ಬರೆಯಿರಿ. ಜೊತೆಗೆ ಗಿಡದ ಫೋಟೋ ಕಳಿಸಿ. ಬೆಳವಣಿಗೆಗೆ ಅಂಕ.

ಬಂದದ್ದೇನು? ಎಲ್ಲರಿಂದಲೂ ಒಂದೇ ಗಿಡ. ಅದೇ ಎಲೆ, ಎಲೆಯ ಅಂಚಿಗೆ ಅದೇ ಇರುವೆ. ಪಾಪ, ಆ ಇರುವೆ ಊರೂರು ತಿರುಗಿ ಎಲ್ಲರ ಮನೆಯ ಎಲೆಯ ಮೇಲೂ ಹೋಗಿ ಕೂತಿತ್ತು! ಬರೆದದ್ದೂ ಎಲ್ಲಿಂದಲೋ ಎತ್ತಿದ್ದೇ. ಒಬ್ಬ ಮಹಾಶಯ ಕೊನೆಯಲ್ಲಿದ್ದ 'ಈ ಮಾಹಿತಿ ನಿಮಗೆ ಉಪಯುಕ್ತವಾಯಿತೇ?' ಎಂಬ ಸಾಲನ್ನೂ ಬಿಡದೆ ಇಳಿಸಿದ್ದ.

ಓದುತ್ತ ಓದುತ್ತ ಅವಳಿಗೆ ಯಾರದೋ ಎಂಜಲನ್ನು ತನ್ನ ತಟ್ಟೆಗೆ ಬಡಿಸಿದಂತಾಯಿತು. ಒಬ್ಬರನ್ನೂ ಬಿಡದೆ ಸೊನ್ನೆ ಸುತ್ತಿದಳು. ವಿದ್ಯಾರ್ಥಿಗಳು ಅವಳಿಗೆ 'ಸೊನ್ನೆ ಮೇಡಂ' ಎಂದು ಹೆಸರಿಟ್ಟರು. ಇಡಲಿ!

ಅವಳ ತಂದೆ ಶಾಲಾ ಮೇಷ್ಟರಾಗಿದ್ದರು. ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. "ಮಗು, ಸುಳ್ಳು ಅಂಕ ಕೊಟ್ಟ ಕೈಯನ್ನ ದೇವರ ಮುಂದೆ ಜೋಡಿಸೋಕಾಗಲ್ಲ" ಎನ್ನುತ್ತಿದ್ದರು. ಬೆಳಗಿನ ಪ್ರಾರ್ಥನೆಗೆ ಕೂತಾಗಲೆಲ್ಲ ಅವಳಿಗೆ ಆ ಮಾತೇ ಮೊದಲು ಕೇಳುತ್ತಿತ್ತು. ಆಮೇಲೆ ಅಳು.

ಆ ದಿನಗಳಲ್ಲಿ ಅವಳ ಅಳುವಿಗೆ ಕಿವಿಯಾದವನು ಅವನೊಬ್ಬನೇ. ಪ್ರಾಣಿಶಾಸ್ತ್ರಕ್ಕೆ ಹೊಸದಾಗಿ ಸೇರಿದ್ದ ಅಧ್ಯಾಪಕ ಪಾಠದ ವೇಳೆ ಹೊಂದಿಸಲೆಂದು ಫೋನ್ ಮಾಡಿದ್ದ. ಸಮಾಧಾನ ಹೇಳಲು ಆತುರಪಡಲಿಲ್ಲ. ಅವಳು ಅತ್ತು ಮುಗಿಸುವವರೆಗೆ ಸುಮ್ಮನಿದ್ದು, "ಇದ್ದೀನಿ ಮೇಡಂ, ನಿಧಾನ" ಎಂದಿದ್ದ. ಆ ಒಂದು ಮಾತಿಗೆ ಅವಳ ಮನಸ್ಸು ಅವನ ಕಡೆ ವಾಲಿತ್ತು.

ಸೊನ್ನೆಗಳನ್ನು ಕಂಡು ಪ್ರಾಂಶುಪಾಲರು ಹೌಹಾರಿದ್ದರು. "ಏನಮ್ಮಾ ಇದು! ಹೀಗಾದ್ರೆ ಮುಂದಿನ ವರ್ಷ ನಮ್ಮಲ್ಲಿ ಯಾರು ಸೇರ್ತಾರೆ? ನಿಮಗೂ ಸಂಬಳ ಬೇಡ್ವಾ?" ಎಂದು ಎರಡನೇ ಮೌಲ್ಯಮಾಪನಕ್ಕೆ ಕೊಟ್ಟರು. ಸಸ್ಯಶಾಸ್ತ್ರಕ್ಕೆ ಇದ್ದವಳು ಅವಳೊಬ್ಬಳೇ; ಯಾರಿಗೆ ಕೊಟ್ಟರೆಂದು ಹೇಳಲಿಲ್ಲ. 'ಕಾಲೇಜಿಗೆ ಬಂದಾಗ ಮುಖತಃ ಒಂದು ಮಾತು ಕೇಳೋದಿದೆ' ಎಂದವನ ಫೋನೂ ಅಂದಿನಿಂದಲೇ ನಿಂತಿತ್ತು. ಇಂದು ಕಾಲೇಜಿನ ಕಚೇರಿಯಲ್ಲಿ ಅಂಕಗಳ ಕೆಳಗೆ ಅವನ ಸಹಿ ಕಂಡಾಗ ಅವಳಿಗೆ ಎಲ್ಲ ಅರ್ಥವಾಗಿತ್ತು. ಅಂದರೆ, ಅರ್ಥವಾಯಿತೆಂದು ಅವಳು ತಿಳಿದಳು.

ಮನೆಯಲ್ಲಿ ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು.

"ಏನೇ ಇದು, ಹರಳೆಣ್ಣೆ ಕುಡಿದ ಮುಖ? ನೋಡೋಕೆ ಚೆನ್ನಾಗಿಲ್ವಾ ಅವರು?"

"ಚೆನ್ನಾಗೇ ಇದ್ದಾರೆ. ಅದೇ ಇನ್ನೂ ಅಸಹ್ಯ!"

ಅವಳು ನಡೆದದ್ದನ್ನೆಲ್ಲ ಹೇಳಿದಳು. "ನಾಳೆ ತಕರಾರು ಇರೋ, ಅಂಕದಲ್ಲಿ ವ್ಯತ್ಯಾಸ ಬಂದಿರೋ ವಿದ್ಯಾರ್ಥಿಗಳನ್ನ ನಾವಿಬ್ಬರೂ ಜೊತೇಲಿ ಕೂತು ಕೇಳ್ಬೇಕಂತೆ ಅತ್ತಿಗೆ. ಅವರ ಪಕ್ಕ ಕೂರೋ ಬದಲು ರಾಜೀನಾಮೆ ಕೊಡ್ತೀನಿ."

"ಕೊಡು, ಯಾರು ಬೇಡ ಅಂದ್ರು. ಯಾಕೆ ಹಾಗೆ ಮಾಡಿದ್ರಿ ಅಂತ ಅವರನ್ನ ಕೇಳಿದ್ಯಾ?"

"ಕೇಳೋದೇನಿದೆ? ಕಣ್ಣಿಗೆ ಕಾಣುತ್ತಲ್ಲ."

"ಸರಿ ಬಿಡು. ಆ ಮಕ್ಕಳಿಗೂ ಕೇಳ್ದೆ ಸೊನ್ನೆ, ಇವರಿಗೂ ಕೇಳ್ದೆ ಸೊನ್ನೆ! ಮಾವನವರು ಹೊಡೆಯೋ ಮುಂಚೆ ಕೂಡ 'ಯಾಕೋ ಹಂಗ್ಮಾಡ್ದೆ' ಅಂತ ಒಂದು ಸಲ ಕೇಳೋರು ಕಣೇ."

ಅವಳು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ನಡೆದಳು. ಮರುದಿನ ಮಾತ್ರ ಕಾಲೇಜಿಗೆ ಹೋದಳು.

ಒಂದೇ ಕಂಪ್ಯೂಟರು, ಎರಡು ಕುರ್ಚಿ. ಅವಳು ತನ್ನ ಕುರ್ಚಿಯನ್ನು ಆದಷ್ಟು ದೂರ ಎಳೆದುಕೊಂಡಳು. ಅವನು ನೋಡಿಯೂ ನೋಡದಂತೆ ಪರದೆಯತ್ತ ತಿರುಗಿದ.

ಮೊದಲು ಬಂದವನು ತನಗೆ ಇಬ್ಬರೂ ಸೊನ್ನೆ ಕೊಟ್ಟದ್ದು ಅನ್ಯಾಯವೆಂದು ದೂರಿದವನು.

"ಮುಖ ತೋರಿಸ್ಬೇಡಪ್ಪ, ಗಿಡ ತೋರಿಸು" ಎಂದ ಅವನು.

"ಸಾರ್... ಅದನ್ನ ಮೇಕೆ ತಿಂತು ಸಾರ್."

"ಛೆ. ಕುಂಡ ಇದೆಯಲ್ಲ, ಅದನ್ನೇ ತೋರಿಸು."

"ಅದನ್ನೂ..."

"ಮೇಕೆ ಕುಂಡಾನೂ ತಿಂತಾ?"

ಆ ಕಡೆಯಿಂದ ಕೇಳಿದ್ದು ಬರೀ ಕೆಮ್ಮು.

"ಸೊನ್ನೆ ಸರಿಯಾಗೇ ಇದೆ. ಹೋಗ್ಬಾಪ್ಪ."

ಅವಳು ಬೆರಗಾದಳು. 'ಕೆಲವು ಎಂದದ್ದು ನಿಜವೇ ಹಾಗಾದರೆ?'

ಮುಂದಿನ ಚೌಕದಲ್ಲಿ ಒಂದು ಹೆಣ್ಣು ಧ್ವನಿ. ಹಿಂದೆ ಮಗುವಿನ ಅಳು. ಈ ವಿದ್ಯಾರ್ಥಿನಿಗೆ ಮೇಡಂ ಸೊನ್ನೆ ಕೊಟ್ಟಿದ್ದಳು, ಅವನು ಪಾಸು ಮಾಡಿದ್ದ.

"ಅವತ್ತು ನಾನು ವಿಚಾರಿಸಿದಾಗ ತೋರಿಸಿದ್ದನ್ನ ಮೇಡಂಗೂ ತೋರಿಸಮ್ಮ."

"ಮೇಡಂ ಇದ್ದಾರಾ?" ಧ್ವನಿ ಸಣ್ಣದಾಯಿತು. "ನಾಚಿಕೆ ಆಗುತ್ತೆ ಸಾರ್..."

ಕಪ್ಪು ಚೌಕ ಬೆಳಗಿತು. ಕಿಟಕಿಯ ಕಟ್ಟೆ, ಒಂದು ತುಕ್ಕು ಹಿಡಿದ ಡಬ್ಬ, ಅದರ ತುಂಬ ಮಣ್ಣು. ಗಿಡವಿಲ್ಲ.

"ಎಲ್ಲಿ ಗಿಡ?" ಅವಳ ಧ್ವನಿ ಖಾರವಾಗಿತ್ತು.

"ಬರಲೇ ಇಲ್ಲ ಮೇಡಂ. ಮೊದಲು ಬೆಳ್ಳಗೆ ಒಂಚೂರು ಬೇರು ಬಂದಿತ್ತು. ನಾನು ಸಂತೋಷಕ್ಕೆ ಹೊತ್ತು ಹೊತ್ತಿಗೂ ನೀರು ಹಾಕ್ದೆ. ಆಮೇಲೆ ಕಾಳು ಮೆತ್ತಗಾಯ್ತು. ತೆಗೆದು ಮೂಸಿ ನೋಡಿದ್ರೆ ಕೆಟ್ಟ ವಾಸನೆ. ಇನ್ನೊಂದು ಹಾಕ್ದೆ, ಅದಕ್ಕೂ ಹಾಗೇ ಆಯ್ತು. ಮೂರನೇದಕ್ಕೆ ನೀರು ಕಮ್ಮಿ ಮಾಡೋಣ ಅಂತಿದ್ದೆ, ಅಷ್ಟರಲ್ಲಿ ಕಳಿಸೋ ದಿನ ಬಂದ್ಬಿಡ್ತು."

"ಇದನ್ನೇ ಯಾಕೆ ಬರೀಲಿಲ್ಲ?"

"ಬೆಳವಣಿಗೆಗೆ ಅಂಕ ಅಂದಿದ್ರಲ್ಲ ಮೇಡಂ... ನಂದು ಬೆಳೀಲೇ ಇಲ್ವಲ್ಲ. ಸತ್ತ ಬೀಜಕ್ಕೆ ಯಾರು ಅಂಕ ಕೊಡ್ತಾರೆ ಅಂತ, ಕ್ಲಾಸಿನ ವಾಟ್ಸಾಪ್ ಗುಂಪಲ್ಲಿ ಯಾರೋ ಕಳಿಸಿದ್ದ ಫೋಟೋನೇ ಹಾಕ್ಬಿಟ್ಟೆ. ತಪ್ಪಾಯ್ತು ಮೇಡಂ."

ಅವಳು ಪರದೆಯ ಹತ್ತಿರ ಬಾಗಿ ಆ ಡಬ್ಬವನ್ನೇ ನೋಡಿದಳು. ಈ ಹುಡುಗಿ ನೋಡಿದ್ದಾಳೆ, ಮೂಸಿದ್ದಾಳೆ, ಏಕೆಂದು ಯೋಚಿಸಿದ್ದಾಳೆ. ಪಾಠವೆಂದರೆ ಇದಲ್ಲದೆ ಇನ್ನೇನು! ಇದಕ್ಕೆ ನಾನು ಅಂಕವನ್ನೇ ಇಟ್ಟಿರಲಿಲ್ಲವಲ್ಲ... ಚೆಂದದ ಗಿಡ ಬೇಕೆಂದವಳು ನಾನು. ಚೆಂದದ ಗಿಡ ಕಳಿಸಿದ್ದಾರೆ!

ಈವರೆಗೆ ಪರದೆಯ ಮೇಲಿದ್ದ ಅಸಹ್ಯ ತಿರುಗಿ ಅವಳ ಮೇಲೆಯೇ ಬಂದು ಕೂತಿತು.

"ಫೋಟೋ ಕದ್ದಿದ್ದು ತಪ್ಪಮ್ಮ, ಅದಕ್ಕೆ ಅಂಕ ಕಳೀತೀನಿ" ಎಂದಳು. "ಈಗ ಹೇಳಿದೆಯಲ್ಲ, ಅದಕ್ಕೆ ಕೊಡ್ತೀನಿ. ಮೂರನೇ ಕಾಳು ಹಾಕು. ಏನಾಯ್ತು ಅಂತ ನನಗೆ ಹೇಳ್ಬೇಕು."

ಸಂಜೆಯಾಗುವವರೆಗೆ ಹಾಗೇ ನಡೆಯಿತು. ಕೆಲವರ ಡಬ್ಬದಲ್ಲಿ ಒಣಗಿದ ಕಡ್ಡಿ, ಕೆಲವರದರಲ್ಲಿ ಬೂಷ್ಟು. ಕೆಲವರಲ್ಲಿ ಡಬ್ಬವೇ ಇಲ್ಲ, ಸುಳ್ಳಷ್ಟೇ. ಅಂಥವರಿಗೆ ಇಬ್ಬರೂ ಮುಖ ನೋಡಿಕೊಳ್ಳದೆಯೇ ಒಟ್ಟಿಗೆ "ಸೊನ್ನೆ" ಎಂದರು.

ಕಂಪ್ಯೂಟರು ಆರಿತು. ಕೋಣೆಯಲ್ಲಿ ಇಬ್ಬರೇ.

"ಯಾಕೆ ಒಂದು ಮಾತು ಹೇಳ್ಲಿಲ್ಲ ನನಗೆ?" ಅವಳ ಕಣ್ಣು ತುಂಬಿತ್ತು. "ಫೋನೂ ಮಾಡ್ಲಿಲ್ಲ..."

"ಎರಡನೇ ಮೌಲ್ಯಮಾಪಕ ಮೊದಲನೆಯವರ ಜೊತೆ ಮಾತಾಡ್ಬಾರದು ಅಂತ ನಿಯಮ ಇದೆಯಲ್ಲ ಮೇಡಂ. ಒಂದು ಸಲ ನಿಮ್ಮ ಧ್ವನಿ ಕೇಳಿದ್ರೆ ನಾನೂ ಎಲ್ಲರಿಗೂ ಸೊನ್ನೆ ಹಾಕ್ಬಿಡ್ತಿದ್ದೆ."

ಅವಳಿಗೆ ನಗು ಬಂತು, ಅಳುವೂ ಬಂತು. "ನಿನ್ನೆ ನಿಮಗೆ ಥೂ ಅಂದೆ..."

"ಅಂದ್ರಿ. ರಾತ್ರಿ ಊಟ ಸೇರ್ಲಿಲ್ಲ."

"ಕ್ಷಮಿಸಿ. ನಿಮ್ಮನ್ನ ಕೇಳದೆ ತೀರ್ಪು ಕೊಟ್ಟೆ. ಅಪ್ಪ ಇದ್ದಿದ್ರೆ ನನ್ನ ಕಿವಿ ಹಿಂಡ್ತಿದ್ರು." ಅವಳು ಕಣ್ಣೊರೆಸಿಕೊಂಡಳು. "ಆದ್ರೂ ಹೇಳ್ತೀನಿ, ಒಂದು ಕಾಳೂ ಹಾಕ್ದೆ ಕದ್ದೋರನ್ನ ಕಂಡ್ರೆ ನನಗೆ ಈಗಲೂ ಅಸಹ್ಯಾನೇ."

"ಇರಲಿ. ನನಗೂ ಅಷ್ಟೇ."

ಅವಳು ಎದ್ದು ತನ್ನ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದು ಕೂತಳು.

"ಏನೋ ಕೇಳ್ಬೇಕು ಅಂದಿದ್ರಿ. ಕೇಳಿ."

"ಕೇಳ್ಬೇಡಿ ಅಂದಿದ್ರಲ್ಲ..."

"ಈಗ ಕೇಳಿ ಅಂತಿದ್ದೀನಲ್ಲ!"

ಅವನು ಕೈ ಬೆರಳು ಹೆಣೆದುಕೊಂಡ. ತರಗತಿಯಲ್ಲಿ ಎಂದೂ ತಡವರಿಸದವನು ಈಗ ತಡವರಿಸಿದ. "ನನ್ನ... ನನ್ನ ಜೊತೆ ಬಾಳ್ತೀರಾ? ಯೋಚನೆಗೆ ಟೈಮ್ ಬೇಕಿದ್ರೆ ತಗೊಳ್ಳಿ."

"ಬೇಡ. ಹೇಳಿ ಆಯ್ತು."

"ಯಾವಾಗ ಹೇಳಿದ್ರಿ?"

"ಮನಸ್ಸಲ್ಲಿ. ನಿನ್ನೆ ಬೆಳಿಗ್ಗೆನೇ."

"ನನಗೆ ಕೇಳಿಸ್ಲಿಲ್ವಲ್ಲ!"

ಅವಳು ಅವನ ಕಿವಿಯ ಹತ್ತಿರ ಬಾಗಿದಳು.

"ಹೂಂ" ಎಂದಳು.